‘ಲೋಕಾಭಿರಾಮ’ವಾಗಿ ಮಾತಾಡುವುದರಲ್ಲಿ ರಾಮ ಎಲ್ಲಿಂದ ಬಂದ?

ಕರಡಿನವಳು, ಚಾಮರಾಜಪೇಟೆ:

ಎಲ್ಲರಿಗೂ ನಮಸ್ಕಾರ. ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಸದ್ಯ ನನ್ನ ಮೇಜಿನ ಮೇಲಿರುವುದು ಹೊಸದುರ್ಗದ ಕಡೆಯ ಹಿರಿಯರೊಬ್ಬರ ಆತ್ಮಕಥೆ. ಎಂಬತ್ತು ದಾಟಿದವರು, ಶಾನುಭೋಗರ ಮನೆತನ. ಪೂರ್ತಿ ಕೈಯಲ್ಲೇ ಬರೆದಿದ್ದಾರೆ, ಎಲ್ಲೂ ಚಿತ್ತುಕಾಟು ಇಲ್ಲ. ಅವರ ಬಾಲ್ಯದ ಅಧ್ಯಾಯದಲ್ಲಿ ಹೀಗೊಂದು ಕಡೆ ಬರುತ್ತದೆ:

“ಜಮಾಬಂದಿಗೆ ಬಂದ ಅಮಲ್ದಾರರು ನಮ್ಮಲ್ಲೇ ಊಟ ಮುಗಿಸಿ ಜಗಲಿಯ ಮೇಲೆ ಕುಳಿತರು. ತಂದೆಯವರೊಡನೆ ಲೋಕಾಭಿರಾಮವಾಗಿ ಮಾತನಾಡಿ, ಎಲೆಅಡಿಕೆ ಹಾಕಿಕೊಂಡು, ಬಿಸಿಲು ಇಳಿದ ಮೇಲೆ ಖಿರ್ದಿ ತರಿಸಿದರು.”

ಪುಟ ಕಟ್ಟುವ ಹುಡುಗ ‘ಲೋಕಾಭಿರಾಮವಾಗಿ’ಯ ಸುತ್ತ ಕೆಂಪು ಗುಂಡು ಹಾಕಿ ಪಕ್ಕದಲ್ಲಿ “ಇಲ್ಲಿ ರಾಮ ಯಾಕೆ ಬಂದ? ಹರಟೆ ಹೊಡೆದು ಅಂತ ಮಾಡಲಾ ಮೇಡಂ?” ಎಂದು ಬರೆದಿದ್ದಾನೆ. ಅವನದೇನೂ ತಪ್ಪಿಲ್ಲ, ನಿಜವಾಗಿ ತಿಳಿಯದೆ ಕೇಳಿದ ಪ್ರಶ್ನೆ. ಅರ್ಥ ನನಗೆ ಗೊತ್ತು, ನಮ್ಮ ಮನೆಯಲ್ಲೂ ಬಳಕೆಯಲ್ಲಿದ್ದ ಮಾತೇ. “ಬೀಗರು ಬಂದಿದ್ದರು, ಏನೂ ವಿಶೇಷ ಇಲ್ಲ, ಹೀಗೇ ಲೋಕಾಭಿರಾಮವಾಗಿ ಮಾತಾಡಿ ಹೋದರು” ಎಂದು ನಮ್ಮ ದೊಡ್ಡಪ್ಪ ಹೇಳುವುದನ್ನು ಬೇಕಾದಷ್ಟು ಸಲ ಕೇಳಿದ್ದೇನೆ. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಹೇಳಿಕೊಡುತ್ತಿದ್ದ ರಾಮರಕ್ಷಾ ಸ್ತೋತ್ರದಲ್ಲೂ ಅದೇ ಪದವಿದೆ: “ಲೋಕಾಭಿರಾಮಂ ರಣರಂಗಧೀರಂ ರಾಜೀವನೇತ್ರಂ ರಘುವಂಶನಾಥಂ.” ಅಲ್ಲಿ ಅದು ರಾಮನ ವಿಶೇಷಣ. ದೇವರ ಮುಂದೆ ಹೇಳುವ ಪದ ಜಗಲಿಯ ಮೇಲಿನ ಮಾತಿಗೆ ಹೇಗೆ ಬಂತು? ಸ್ತೋತ್ರದಿಂದಲೇ ಇಳಿದು ಬಂತೋ, ಬೇರೆ ದಾರಿಯಲ್ಲಿ ಬಂತೋ? ಆ ಹುಡುಗನಿಗೆ ಸರಿಯಾದ ಉತ್ತರ ಕೊಡಬೇಕು. ಪದ ಉಳಿಸಬೇಕೋ ಬಿಡಬೇಕೋ ಎಂಬುದನ್ನೂ ತೀರ್ಮಾನ ಮಾಡಬೇಕು. ಬಲ್ಲವರು ತಿಳಿಸಿ.

ಓದುಗ, ಬನಶಂಕರಿ:

‘ಹರಟೆ’ ಅಂತಲೇ ಹಾಕಿಬಿಡಿ ಮೇಡಂ. ಅರ್ಥ ಒಂದೇ ತಾನೆ? ಇವತ್ತಿನವರು ಓದಿದ ಕೂಡಲೇ ತಿಳಿಯಬೇಕು, ನಿಘಂಟು ತೆಗೆದು ಕೂರುವಷ್ಟು ವ್ಯವಧಾನ ಯಾರಿಗಿದೆ?

ಹಳೇ ಮೇಷ್ಟ್ರು, ಸಾಗರ:

ತಂಗೀ, ದಯವಿಟ್ಟು ಆ ಪದವನ್ನು ಮುಟ್ಟಬೇಡಿ. ಬನಶಂಕರಿಯವರ ಕಾಳಜಿ ಅರ್ಥವಾಗುತ್ತದೆ, ಆದರೆ ಅರ್ಥ ಒಂದೇ ಎನ್ನುವುದನ್ನು ನಾನು ಒಪ್ಪಲಾರೆ.

ಮೊದಲು ಪದ ಬಿಡಿಸೋಣ. ಲೋಕ, ಅಭಿರಾಮ ಎರಡೂ ಸೇರಿ ಸವರ್ಣದೀರ್ಘ ಸಂಧಿಯಾಗಿದೆ. ಅಭಿರಾಮ ಎಂದರೆ ಮನೋಹರವಾದದ್ದು, ಹಿತವಾದದ್ದು. ‘ರಮ್’ ಎಂಬ ಧಾತು, ಅದಕ್ಕೆ ‘ಅಭಿ’ ಉಪಸರ್ಗ. ಧಾತುಪಾಠದಲ್ಲಿ ಈ ಧಾತುವಿಗೆ ‘ಕ್ರೀಡಾಯಾಮ್’ ಎಂದು ಅರ್ಥ ಹೇಳಿದೆ: ಆಡುವುದು, ನಲಿಯುವುದು. ರಾಮ, ರಮಣ, ರಮ್ಯ ಎಲ್ಲ ಅಲ್ಲಿಂದಲೇ ಬಂದವು. ಅಂದರೆ ‘ಅಭಿರಾಮ’ದಲ್ಲಿ ರಾಮ ಎನ್ನುವ ವ್ಯಕ್ತಿ ಇರಲೇಬೇಕೆಂದಿಲ್ಲ. ‘ನಯನಾಭಿರಾಮ’ ಎನ್ನುತ್ತೇವಲ್ಲ, ಅಲ್ಲಿ ಕಣ್ಣಿಗೆ ಹಿತವಾದದ್ದು ಎಂದಷ್ಟೇ ಅರ್ಥ. ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥಕ್ಕೆ ಹೆದರಿ ಓಡುವ ಜಿಂಕೆಯನ್ನು ‘ಗ್ರೀವಾಭಂಗಾಭಿರಾಮಂ’ ಎಂದು ವರ್ಣಿಸಿದೆ. ಕತ್ತು ತಿರುಗಿಸಿ ಮತ್ತೆ ಮತ್ತೆ ಹಿಂದೆ ನೋಡುವಾಗಿನ ಚೆಲುವು ಅದು. ಅದೇ ರೀತಿ ಲೋಕಕ್ಕೆ, ಎಂದರೆ ಜನಕ್ಕೆ, ಹಿತವಾದದ್ದು ಲೋಕಾಭಿರಾಮ. ರಾಮನನ್ನು ಹಾಗೆ ಕರೆದದ್ದು ಅವನು ಜನರಿಗೆ ಹಿತವಾಗಿದ್ದ ಎಂಬ ಕಾರಣಕ್ಕೆ. ಎದುರು ಕೂತವರಿಗೆ ಹಿತವಾಗುವ ಹಾಗೆ ಆಡುವ ಮಾತಿಗೂ ಅದೇ ಪದ ಒಪ್ಪುತ್ತದೆ.

ಹಾಗಾದರೆ ಸ್ತೋತ್ರಕ್ಕೂ ಇದಕ್ಕೂ ಸಂಬಂಧವೇ ಇಲ್ಲವೇ? ಪದವನ್ನು ಜನರ ಕಿವಿಗೆ ತಲುಪಿಸಿದ್ದು ಸ್ತೋತ್ರವೇ ಇರಬೇಕು ಎಂದು ನನ್ನ ಎಣಿಕೆ. ನೀವು ಹೇಳಿದ ಶ್ಲೋಕ ಒಂದು. ಅದೇ ಸ್ತೋತ್ರದಲ್ಲಿ ಇನ್ನೊಂದಿದೆ: “ಆಪದಾಮಪಹರ್ತಾರಂ ದಾತಾರಂ ಸರ್ವಸಂಪದಾಂ, ಲೋಕಾಭಿರಾಮಂ ಶ್ರೀರಾಮಂ ಭೂಯೋ ಭೂಯೋ ನಮಾಮ್ಯಹಂ.” ಸಂಸ್ಕೃತ ಓದದವರಿಗೂ ಇದು ಬಾಯಿಗೆ ಬರುತ್ತಿತ್ತು. ಕಾಯಿಲೆ ಬಿದ್ದವರ ತಲೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದರು, ಪ್ರಯಾಣ ಹೊರಡುವಾಗ ಹೇಳುತ್ತಿದ್ದರು. ದಿನವೂ ಕಿವಿಗೆ ಬೀಳುವ ಪದ ದಿನದ ಮಾತಿಗೆ ಇಳಿಯುವುದು ಕನ್ನಡದಲ್ಲಿ ಹೊಸದಲ್ಲ. ಬೈಸಿಕೊಂಡು ಬಂದವನು “ಸಾಹೇಬರು ಮಂಗಳಾರತಿ ಮಾಡಿದರು” ಎನ್ನುತ್ತಾನೆ. ಹಣ ಮುಳುಗಿದರೆ ‘ಗೋವಿಂದ’. ಕಷ್ಟ ಹೇಳಿಕೊಳ್ಳುವವನಿಗೆ “ಏನಯ್ಯಾ ನಿನ್ನ ರಾಮಾಯಣ” ಅನ್ನುತ್ತೇವೆ. ಹಳೆಯ ಸಂಗತಿ ಕೆದಕುವವನು ‘ಪುರಾಣ ಬಿಚ್ಚುತ್ತಾನೆ’. ಕೆಲಸ ಶುರುವಾದರೆ ‘ಶ್ರೀಕಾರ’, ನಿಂತರೆ ‘ಇತಿಶ್ರೀ’. ಪೂಜೆಯ ಮನೆಗೂ ಪಡಸಾಲೆಗೂ ನಡುವೆ ನಮ್ಮ ಭಾಷೆ ಬಾಗಿಲು ಹಾಕಿದ್ದೇ ಇಲ್ಲ.

ಆದರೆ ಈ ಪಟ್ಟಿಯಲ್ಲಿ ಒಂದು ಗಮನಿಸಿ. ಮಂಗಳಾರತಿ, ಗೋವಿಂದ, ರಾಮಾಯಣ, ಪುರಾಣ ಇವೆಲ್ಲ ಇಳಿದು ಬರುವಾಗ ಕೊಂಚ ಕೆಳಗಾದವು. ಲೋಕಾಭಿರಾಮ ಹಾಗಾಗಲಿಲ್ಲ. ಅದನ್ನು ಯಾರಾದರೂ ಬೈಗುಳವಾಗಿ ಬಳಸಿದ್ದು ನಾನು ಕೇಳಿಲ್ಲ.

ಇನ್ನು ಹರಟೆಗೂ ಇದಕ್ಕೂ ವ್ಯತ್ಯಾಸ. ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಇಷ್ಟು: ಪದದ ಗುಣ ತಿಳಿಯಬೇಕಾದರೆ ಅದರ ಪಕ್ಕ ಯಾವ ಕ್ರಿಯಾಪದ ಬಂದು ಕೂರುತ್ತದೆ ನೋಡಿ. ಹರಟೆ ‘ಹೊಡೆಯುತ್ತಾರೆ’, ‘ಕೊಚ್ಚುತ್ತಾರೆ’. ಹಿಂದೆ ‘ಕಾಡು’, ‘ಒಣ’ ಸೇರಿಸಿ ಕಾಡುಹರಟೆ, ಒಣಹರಟೆ ಎನ್ನಬಹುದು. ಯಾರಾದರೂ ಲೋಕಾಭಿರಾಮ ಹೊಡೆದರು ಎಂದಿದ್ದಾರೆಯೇ? ಒಣ ಲೋಕಾಭಿರಾಮ ಎಂದು? ಲೋಕಾಭಿರಾಮವಾಗಿ ‘ಮಾತಾಡುತ್ತಾರೆ’, ಅಷ್ಟೆ. ಬಹುತೇಕ ‘ಆಗಿ’ ಹಚ್ಚಿಕೊಂಡೇ ಬರುತ್ತದೆ. ಮಾತಾಡಿದ ರೀತಿಯನ್ನು ಅದು ಹೇಳುತ್ತದೆ. ಅದಕ್ಕೇ ಇದು ವಿಶೇಷಣವಾಗಿಯೇ ಕನ್ನಡಕ್ಕೆ ಬಂದು ನಿಂತ ಪದ ಎಂಬ ಕಡೆಗೆ ನನ್ನ ಮನಸ್ಸು ವಾಲುತ್ತದೆ.

ಈಗ ನಿಮ್ಮ ಹಿರಿಯರ ವಾಕ್ಯಕ್ಕೆ ಬನ್ನಿ. ಅಮಲ್ದಾರರು ತಾಲ್ಲೂಕಿನ ದೊಡ್ಡ ಅಧಿಕಾರಿ. ಶಾನುಭೋಗರು ಅವರ ಕೈಕೆಳಗೆ ಹಳ್ಳಿಯ ಲೆಕ್ಕ ಇಡುವವರು. ಖಿರ್ದಿ ಆ ಲೆಕ್ಕದ ಪುಸ್ತಕ. ಜಮಾಬಂದಿ ಎಂದರೆ ವರ್ಷದ ಕಂದಾಯದ ಲೆಕ್ಕ ಪರೀಕ್ಷೆ. ಶಾನುಭೋಗರಿಗೆ ಎದೆ ಡವಗುಟ್ಟುವ ದಿನ. ಲೆಕ್ಕ ಕೇಳಲು ಬಂದವರು, ಉಂಡ ಮನೆಯ ಜಗಲಿಯಲ್ಲಿ ಕೂತು, ಖಿರ್ದಿಯ ಮಾತೆತ್ತದೆ ಮಳೆ, ಬೆಳೆ, ಮಕ್ಕಳ ಓದು ವಿಚಾರಿಸಿದರು. ಎದುರಿಗಿದ್ದವರ ಜೀವಕ್ಕೆ ಅಷ್ಟು ಹೊತ್ತು ಸಮಾಧಾನ. ಆ ಮರ್ಯಾದೆಯೆಲ್ಲ ಆ ಒಂದು ಪದದಲ್ಲಿದೆ. ‘ಹರಟೆ ಹೊಡೆದು’ ಎಂದು ಮಾಡಿದರೆ ಅಮಲ್ದಾರರು ಕೆಲಸಗಳ್ಳರಾಗಿಬಿಡುತ್ತಾರೆ!

ಕನ್ನಡತಿ, ಹಿಂದೂಪುರ:

ಮೇಷ್ಟ್ರೇ, ಬೈಗುಳವಾಗಿ ಕೇಳಿಲ್ಲ ಅಂದಿರಲ್ಲ, ಗಡಿ ದಾಟಿ ನಮ್ಮ ಊರಿಗೆ ಬನ್ನಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ನಮ್ಮದು. ತೆಲುಗಿನಲ್ಲಿ ಇದೇ ಪದ ‘ಲೋಕಾಭಿರಾಮಾಯಣಂ’ ಆಗಿದೆ. ಅರ್ಥ ಹರಟೆಯೇ. ಅಂಗಡಿಯ ಯಜಮಾನರು ಕೆಲಸದ ಹುಡುಗರಿಗೆ “ಲೋಕಾಭಿರಾಮಾಯಣಂ ಚಾಲು, ಪನಿ ಚೂಡಂಡಿ” ಅನ್ನುತ್ತಾರೆ, ಮಾತು ಸಾಕು ಕೆಲಸ ನೋಡಿ ಅಂತ. ಅಭಿರಾಮದ ಬಾಲಕ್ಕೆ ರಾಮಾಯಣ ಅಂಟಿಕೊಂಡಿದೆ. ರಾಮಾಯಣ ಅಂದಮೇಲೆ ಉದ್ದ ಇರಲೇಬೇಕಲ್ಲ. ಹಾಗಾಗಿ ತೆಲುಗಿನ ಪದದಲ್ಲಿ ‘ಮುಗಿಯದ ಮಾತು’ ಎನ್ನುವ ಛಾಯೆ ಇದೆ, ಕನ್ನಡದ ಪದದಲ್ಲಿ ಅದಿಲ್ಲ. ನಮ್ಮ ಅತ್ತೆಯವರು ಎರಡನ್ನೂ ಬಳಸುತ್ತಾರೆ. ಕನ್ನಡದಲ್ಲಿ ಮಾತಾಡುವಾಗ “ಲೋಕಾಭಿರಾಮವಾಗಿ” ಎಂದು ಮೆತ್ತಗೆ, ತೆಲುಗಿನಲ್ಲಿ ಮಾತಾಡುವಾಗ “ಲೋಕಾಭಿರಾಮಾಯಣಂ” ಎಂದು ಕೈಬೀಸಿ. ಒಬ್ಬರ ಬಾಯಲ್ಲೇ ಎರಡು ಭಾವ.

ಅಡಿಕೆ ತೋಟ, ಪುತ್ತೂರು:

ನಮ್ಮಲ್ಲಿ ಇದಕ್ಕೆ ಪಟ್ಟಾಂಗ ಅಂತ ಹೇಳುವುದು. “ಪಟ್ಟಾಂಗ ಹೊಡೆಯುವ, ಬನ್ನಿ ಕೂತುಕೊಳ್ಳಿ.” ಆದರೆ ಮೇಷ್ಟ್ರು ಹೇಳಿದ ಲೆಕ್ಕದಲ್ಲಿ ನೋಡಿದರೆ ಪಟ್ಟಾಂಗ ಹರಟೆಯ ಕಡೆಗೇ ಸೇರುವುದು, ಅದನ್ನೂ ಹೊಡೆಯುವುದೇ ಅಲ್ಲವಾ. ಪಟ್ಟಾಂಗಕ್ಕೆ ಸಲುಗೆ ಬೇಕು. ಅಡಿಕೆ ಸುಲಿಯುವಲ್ಲಿ, ಜಂಬರದ, ಅಂದರೆ ಮದುವೆ ಮುಂಜಿಯ, ಮನೆಯಲ್ಲಿ ಹಿಂದಿನ ರಾತ್ರಿ ತರಕಾರಿ ಹೆಚ್ಚುವಲ್ಲಿ, ಹರಿವಾಣ ನಡುವೆ ಇಟ್ಟುಕೊಂಡು ಸುತ್ತ ಕೂತಲ್ಲಿ ಅದು ತನ್ನಷ್ಟಕ್ಕೆ ಆಗುವುದು. ಒಬ್ಬ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಾ ಇರುತ್ತಾನೆ, ಇನ್ನೊಬ್ಬ ಎಲೆಯ ತೊಟ್ಟು ಮುರಿದು ಬೆನ್ನಿಗೆ ಸುಣ್ಣ ಸವರುತ್ತಾ ಇರುತ್ತಾನೆ, ಮಾತು ಯಕ್ಷಗಾನದಿಂದ ಹಿಡಿದು ಧಾರಣೆಯವರೆಗೆ ಹೋಗುವುದು. ಬ್ಯಾಂಕಿನ ಮ್ಯಾನೇಜರು ಮನೆಗೆ ಬಂದರೆ ಅವರ ಹತ್ತಿರ ಪಟ್ಟಾಂಗ ಹೊಡೆಯಲಿಕ್ಕೆ ಆಗುತ್ತದಾ? ಇಲ್ಲ. ಅಲ್ಲಿ ನಮ್ಮ ಅಪ್ಪ ಬನಿಯನಿನ ಮೇಲೆ ಶರಟು ಹಾಕಿಕೊಂಡು ಬಂದು ಕೂತು ಮಾತಾಡುವುದು ಉಂಟಲ್ಲ, ಅದು ಲೋಕಾಭಿರಾಮ. ನಿಮ್ಮ ಅಮಲ್ದಾರರದ್ದೂ ಹಾಗೆಯೇ ಇರಬೇಕು.

ಕಟ್ಟಿ ಮ್ಯಾಲಿನಾಂವ, ಧಾರವಾಡ:

ನಮ್ಮ ಕಡೆ ಬಾಯಾಗ ಹರಟೀನ ಬರ್ತದ್ರಿ. “ಕಟ್ಟಿ ಮ್ಯಾಲೆ ಹರಟಿ ಹೊಡಕೋತ ಕುಂತಿದ್ವಿ” ಅಂತೀವಿ. ಕೆಲವ್ರು ಮರಾಠಿ ಗಪ್ಪಾನೂ ಅಂತಾರ. ಆದ್ರ ಅದರಾಗೊಂದು ತೊಡಕದ. “ಗಪ್ಪ ಕುಂಡ್ರು” ಅಂದ್ರ ನಮ್ಮಲ್ಲೆ ಬಾಯಿ ಮುಚ್ಚಿ ಸುಮ್ಮನ ಕುಂಡ್ರು ಅಂತ ಅರ್ಥ. ಒಂದು ಗಪ್ಪಾ ಮಾತಾಡೂದು, ಇನ್ನೊಂದು ಗಪ್ಪ ಮಾತ ನಿಲ್ಲಿಸೂದು!

ಲೋಕಾಭಿರಾಮ ನಾ ಈಗ ಹೆಚ್ಚು ಕೇಳೂದು ಟೀವಿ ಒಳಗ. ಇಬ್ರು ರಾಜಕಾರಣಿಗಳು ಬಾಗಿಲಾ ಹಾಕ್ಕೊಂಡು ಮಾತಾಡಿ ಹೊರಗ ಬಂದು, ಮೈಕ್ ಮುಂದ “ಲೋಕಾಭಿರಾಮವಾಗಿ ಮಾತನಾಡಿದೆವು, ರಾಜಕೀಯ ಚರ್ಚೆ ಆಗಿಲ್ಲ” ಅಂತಾರ. ಹಿಂಗಾಗಿ ನಮ್ಮ ಹುಡುಗ್ರಿಗೆ ಅದು ಏನೋ ಮುಚ್ಚಿಡೂ ಮಾತು ಅನ್ನೋ ಹಂಗ ಆಗೇದ. ಒಳ್ಳೇ ಪದಕ್ಕ ಹಿಂಗಾಗೂದು ನನಗ ಭಾಳ ಬ್ಯಾಸರ ತರ್ತದ. ಹಿರ್ಯಾರು ಬರೆದ ಪುಸ್ತಕದಾಗ ಅದು ತನ್ನ ಖರೇ ಅರ್ಥದಾಗ ಐತಿ ಅಂದ್ರ ಅಲ್ಲೇ ಇರ್ಲಿ ಬಿಡ್ರಿ ಅಕ್ಕಾರ.

ಮೇಷ್ಟರಿಗೆ ಒಂದು ಪ್ರಶ್ನಿ. ನಾವು “ಆರಾಮ ಅದೀರೇನ್ರಿ” ಅಂತೀವಲ್ಲ, ಆ ಆರಾಮಕ್ಕೂ ಈ ಅಭಿರಾಮಕ್ಕೂ ಏನರ ನಂಟು ಅದ ಏನು?

ಹಳೇ ಮೇಷ್ಟ್ರು, ಸಾಗರ:

ನಂಟಿದೆ, ಆದರೆ ದೂರದ ನಂಟು. ನೀವು ಕೇಳುವ ‘ಆರಾಮ’ ಪಾರಸಿಯ ಪದ, ಹಿಂದುಸ್ತಾನಿಯ ಮೂಲಕ ನಮಗೆ ಬಂದದ್ದು. ಸಂಸ್ಕೃತದಲ್ಲೂ ಒಂದು ‘ಆರಾಮ’ ಇದೆ, ಅದಕ್ಕೆ ಉದ್ಯಾನ ಎಂದು ಅರ್ಥ. ಬೌದ್ಧರ ‘ಸಂಘಾರಾಮ’ದಲ್ಲಿರುವುದು ಅದೇ. ಸಂಸ್ಕೃತ, ಪಾರಸಿ ಎರಡೂ ಒಂದೇ ಹಳೆಯ ಬುಡದಿಂದ ಕವಲೊಡೆದ ಭಾಷೆಗಳಾದ್ದರಿಂದ ಈ ‘ರಮ್’ ಎರಡೂ ಕಡೆ ಉಳಿಯಿತು. ಪಾರಸಿಯಲ್ಲಿ ನೆಮ್ಮದಿ, ಸಂಸ್ಕೃತದಲ್ಲಿ ನಲಿವು. ಧಾರವಾಡದವರು ‘ಆರಾಮ ಅದೀರೇನ್ರಿ’ ಎಂದು ಕೇಳಿ ಮಾತು ಶುರುಮಾಡಿದಾಗಲೂ, ಹೊಸದುರ್ಗದವರು ಲೋಕಾಭಿರಾಮವಾಗಿ ಮಾತಾಡಿದಾಗಲೂ ಬುಡದಲ್ಲಿರುವ ಧಾತು ಒಂದೇ. ನನಗೆ ಇದು ಯಾವತ್ತೂ ಸಂತೋಷ ಕೊಡುವ ಸಂಗತಿ.

ಹಿಂದೂಪುರದ ತಾಯಿಗೆ ವಿಶೇಷ ಧನ್ಯವಾದ. ತೆಲುಗಿನ ರೂಪ ನೋಡಿದರೆ ನನ್ನ ಮಾತಿಗೆ ಇನ್ನಷ್ಟು ಬಲ ಬಂತು. ‘ರಾಮಾಯಣ’ ಸೇರಿಕೊಂಡ ಕೂಡಲೇ ಪದಕ್ಕೆ ಉದ್ದವೂ ಬಂತು, ಗದರಿಕೆಯೂ ಬಂತು. ಕನ್ನಡದಲ್ಲಿ ಅದು ಸೇರಲಿಲ್ಲ, ಹಿತ ಹಾಗೇ ಉಳಿಯಿತು.

ಕರಡಿನವಳು, ಚಾಮರಾಜಪೇಟೆ:

ಎಲ್ಲರಿಗೂ ಹೃತ್ಪೂರ್ವಕ ವಂದನೆ. ಮೇಷ್ಟ್ರೇ, ನಿಮ್ಮ ಉತ್ತರವನ್ನು ನಮ್ಮ ಹುಡುಗನಿಗೆ ಪೂರ್ತಿ ಓದಿ ಹೇಳಿದೆ. “ಹಾಗಾದರೆ ಅಮಲ್ದಾರರು ಬೇಕಂತಲೇ ಹೊತ್ತು ಕೊಟ್ಟರು” ಅಂದ. ಕೆಂಪು ಗುಂಡನ್ನು ಅವನೇ ಅಳಿಸಿದ.

ಹಳೆಯ ಪದವೊಂದನ್ನು ಸುಲಭ ಮಾಡುವ ಆಸೆ ನಮ್ಮ ಕೆಲಸದಲ್ಲಿ ದಿನವೂ ಎದುರಾಗುತ್ತದೆ. ಓದುಗರಿಗೆ ತಿಳಿಯಬೇಕು ಎಂಬ ಬನಶಂಕರಿಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕಂದಾಯದ ಲೆಕ್ಕಗಳ ಭಾಗದಲ್ಲಿ ಇವತ್ತಿನವರಿಗೆ ತಿಳಿಯದ ಪದಗಳು ಬಂದಲ್ಲೆಲ್ಲ ಬರೆದವರ ಒಪ್ಪಿಗೆ ಪಡೆದು ಪುಟದ ಕೆಳಗೆ ಅರ್ಥ ಕೊಟ್ಟಿದ್ದೇನೆ. ಆದರೆ ಪದ ಕಿತ್ತು ಪದ ನೆಡುವಾಗ ಆ ವಾಕ್ಯದಲ್ಲಿ ಯಾರ ಎದುರು ಯಾರು ಕೂತಿದ್ದಾರೆ ಎಂದು ನೋಡಬೇಕು. ಪುತ್ತೂರಿನವರು ಅವರ ತಂದೆ ಶರಟು ಹಾಕಿಕೊಂಡು ಬಂದದ್ದನ್ನು ಹೇಳಿದರಲ್ಲ, ಲೋಕಾಭಿರಾಮಕ್ಕೆ ಅದಕ್ಕಿಂತ ಸರಿಯಾದ ವಿವರಣೆ ನಾನು ಬರೆಯಲಾರೆ. ಪೂರ್ತಿ ಸಲುಗೆಯೂ ಅಲ್ಲ, ಬಿಗುಮಾನವೂ ಅಲ್ಲ.

ನಿಮ್ಮ ಚರ್ಚೆ ಓದುತ್ತಾ ಇದರ ಜೊತೆಯ ಇನ್ನೊಂದು ಪದ ನೆನಪಾಯಿತು: ಉಭಯಕುಶಲೋಪರಿ. ಇದರ ಹುಟ್ಟು ಮಾತ್ರ ಸ್ಪಷ್ಟ. ಕಾಗದದಿಂದಲೇ ಬಂದದ್ದು. ನಮ್ಮ ಮನೆಯಲ್ಲಿ ತಂತಿಗೆ ಪೋಣಿಸಿಟ್ಟ ಹಳೆಯ ಕಾಗದಗಳಿವೆ. ನೀಲಿ ಇನ್‌ಲ್ಯಾಂಡುಗಳೇ ಹೆಚ್ಚು. ತಲೆಯ ಮೇಲೆ ‘ಶ್ರೀ’, ಬಲಕ್ಕೆ ಊರು ಮತ್ತು ತಾರೀಖು, ಎಡಕ್ಕೆ ‘ಕ್ಷೇಮ’. ಆಮೇಲೆ ‘ತೀರ್ಥರೂಪ ಸಮಾನರಾದ’ ಎಂದು ಶುರುವಾಗಿ, ಸಾಷ್ಟಾಂಗ ನಮಸ್ಕಾರಗಳಾಗಿ, ‘ಉಭಯಕುಶಲೋಪರಿ ಸಾಂಪ್ರತ’ ಎಂದು ಬರುತ್ತದೆ. ಎರಡೂ ಕಡೆಯ ಕುಶಲದ ಮೇಲೆ, ಈಗ ವಿಷಯ ಎಂದು. ಕುಶಲ, ಉಪರಿ ಸೇರಿ ಗುಣಸಂಧಿ. ಒಂದು ಕಾಗದದಲ್ಲಿ ಜಾಗ ಸಾಲದೆ ಅಂಚಿನ ಮಡಿಕೆಯ ಮೇಲೆಲ್ಲ ಅಡ್ಡಡ್ಡ ಬರೆದಿದ್ದಾರೆ, ಅಂಟಿನ ಪಟ್ಟಿಯ ಮೇಲೂ ಎರಡು ಸಾಲು. ಅಷ್ಟು ಇಕ್ಕಟ್ಟಿನಲ್ಲೂ ‘ಉಭಯಕುಶಲೋಪರಿ ಸಾಂಪ್ರತ’ವನ್ನು ಮಾತ್ರ ಮೊಟಕು ಮಾಡಿಲ್ಲ. ವಿಷಯಕ್ಕೆ ಮೊದಲು ಬರುತ್ತಿದ್ದ ಆ ಸಾಲು ಕಾಗದ ಬಿಟ್ಟು ಬಾಯಿಗೆ ಬಂದಮೇಲೆ ಕ್ಷೇಮ ಸಮಾಚಾರದ ಮಾತಿಗೇ ಹೆಸರಾಯಿತು. “ಉಭಯಕುಶಲೋಪರಿ ಆಯಿತು, ಕಾಫಿ ಆಯಿತು, ಹೊರಟರು” ಎನ್ನುತ್ತೇವೆ. ‘ಸಾಂಪ್ರತ’ ಮಾತ್ರ ಕಾಗದದಲ್ಲೇ ಉಳಿದುಹೋಯಿತು. ಎರಡು ಪದಕ್ಕೂ ಅಂತರ ಇದೆ ಎಂದು ನನಗನ್ನಿಸುತ್ತದೆ. ಉಭಯಕುಶಲೋಪರಿ ಬಾಗಿಲಲ್ಲಿ ನಿಂತೂ ಆಗಬಹುದು. ಲೋಕಾಭಿರಾಮಕ್ಕೆ ಕೂರಬೇಕು.

ಇನ್ನೊಂದು ಅನುಮಾನ ಉಳಿದಿದೆ ಮೇಷ್ಟ್ರೇ. ಇದೇ ಆತ್ಮಕಥೆಯಲ್ಲಿ ಮುಂದೆ ಒಂದು ಕಡೆ “ಲೋಕಾರೂಢಿಯಾಗಿ ಮಾತನಾಡುತ್ತಿದ್ದಾಗ ಮದುವೆಯ ಪ್ರಸ್ತಾಪ ಬಂತು” ಎಂದಿದೆ. ಟೀವಿಯಲ್ಲೂ ‘ಲೋಕಾರೂಢಿ’ ಕೇಳುತ್ತೇನೆ. ಇದು ಲೋಕಾಭಿರಾಮವೇ ಸವೆದು ಹೀಗಾಯಿತೇ, ‘ಲೋಕರೂಢಿ’ಯೇ? ತಿದ್ದಲೇ, ಬಿಡಲೇ?

ಹಳೇ ಮೇಷ್ಟ್ರು, ಸಾಗರ:

‘ಲೋಕರೂಢಿ’ ಬೇರೆ ಪದ. ಲೋಕದ ವಾಡಿಕೆ ಎಂದು ಅರ್ಥ, ಸಂಧಿಯಲ್ಲಿ ದೀರ್ಘ ಬರುವ ಕಾರಣವಿಲ್ಲ. ‘ಲೋಕಾಭಿರಾಮ’ದ ‘ಕಾ’ ಕಿವಿಯಲ್ಲಿ ಕೂತಿರುವುದರಿಂದ ‘ಲೋಕಾರೂಢಿ’ ಆಯಿತೆಂದು ನನ್ನ ಊಹೆ. ಹಾಗೆಯೇ ಅರ್ಥವೂ ಕೊಂಚ ಈಚೆಗೆ ಸರಿದು, ‘ಎಲ್ಲರೂ ಆಡುವಂತೆ ಸಹಜವಾಗಿ’ ಎಂಬಲ್ಲಿಗೆ ಬಂದಿದೆ. ಆ ವಾಕ್ಯದಲ್ಲಿ ಅವರು ಹೇಳಹೊರಟಿರುವುದು ಲೋಕಾಭಿರಾಮವನ್ನೇ. ಮದುವೆಯ ಪ್ರಸ್ತಾಪ ನಮ್ಮ ಕಡೆಯೂ ಹಾಗೇ ಬರುತ್ತದೆ. ನೇರವಾಗಿ ಕೇಳಿ ‘ಇಲ್ಲ’ ಅನ್ನಿಸಿಕೊಂಡರೆ ಎರಡೂ ಮನೆಗೆ ಕಸಿವಿಸಿ. ಅದಕ್ಕೇ ಬೇರೆ ಮಾತಿನ ನಡುವೆ ಮೆಲ್ಲಗೆ ತೆಗೆಯುವುದು.

ಆದರೆ ನೀವಾಗಿ ತಿದ್ದಬೇಡಿ. ಅವರಿಗೆ ಫೋನ್ ಮಾಡಿ, ಆ ವಾಕ್ಯ ಓದಿ ಹೇಳಿ, ಯಾವುದು ಇರಲಿ ಎಂದು ಕೇಳಿ. ಅವರ ಮನೆಯಲ್ಲಿ ‘ಲೋಕಾರೂಢಿ’ ಎಂದೇ ಆಡುತ್ತಿದ್ದರೆ ಹಾಗೇ ಇರಲಿ, ಆತ್ಮಕಥೆಯಲ್ಲಿ ಮನೆಮಾತಿಗೆ ಜಾಗವಿದೆ. ಬರೆಯುವಾಗ ಕೈ ತಪ್ಪಿದ್ದಾದರೆ ಅವರೇ ಹೇಳುತ್ತಾರೆ. ಮತ್ತೆ, ‘ಲೋಕಾಭಿರಾಮವಾಗಿ’ ಸಾಲಿನ ಕೊನೆಗೆ ಬಂದು ಒಡೆಯಬೇಕಾದರೆ ‘ಲೋಕಾಭಿ’ ಒಂದು ಕಡೆ ‘ರಾಮವಾಗಿ’ ಇನ್ನೊಂದು ಕಡೆ ಮಾಡಬೇಡಿರೆಂದು ನಿಮ್ಮ ಹುಡುಗನಿಗೆ ಹೇಳಿ. ಪದ ಪೂರ್ತಿ ಮುಂದಿನ ಸಾಲಿಗೆ ಹೋಗಲಿ.

ಕರಡಿನವಳು, ಚಾಮರಾಜಪೇಟೆ:

ಫೋನ್ ಮಾಡಿದೆ ಮೇಷ್ಟ್ರೇ. ‘ಲೋಕಾರೂಢಿ’ ಇರಲಿ ಅಂದರು. ಅದು ಅವರ ಸೋದರಮಾವನ ಮಾತಂತೆ, ಪ್ರಸ್ತಾಪ ತಂದವರೂ ಅವರೇ ಅಂತೆ. ಹಾಗೇ ಬಿಟ್ಟಿದ್ದೇನೆ.